ಬಣ್ಣ, ಬೆಳಕು: ಎಷ್ಟು ಮದ್ದು, ಎಷ್ಟು ಹಿತ

(ಕೋಲಾರದಲ್ಲಿ ತಾಯಂದಿರು ಮತ್ತು ಹಿರಿಯರಿಗಾಗಿ ನಡೆದ ಆರೋಗ್ಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಅಚ್ಚು ಹಾಕಿಸಿಬಿಟ್ಟಿದ್ದಾರೆ. ನಾನು ಡಾಕ್ಟರ್ ಅಲ್ಲ, ನರ್ಸ್. ಕೆಲಸ ಮಾಡಿದ್ದೆಲ್ಲ ಹೆಚ್ಚುಕಡಿಮೆ ಹಸುಗೂಸುಗಳ ವಾರ್ಡಿನಲ್ಲಿ. ಈಗ ನಿವೃತ್ತಿ. ಹಾಗಾಗಿ ನಾನು ಹೇಳೋದೆಲ್ಲ ಮಂಚದ ಪಕ್ಕ ನಿಂತು ನೋಡಿದವರ ಮಾತು ಅಂತ ತಿಳಿದುಕೊಳ್ಳಿ.

ಬಣ್ಣ ಮತ್ತು ಬೆಳಕಿನ ಚಿಕಿತ್ಸೆ ಬಗ್ಗೆ ಮಾತಾಡಿ ಅಂತ ಕೇಳಿದರು. ಯಾಕೆ ಕೇಳಿದರು ಅಂತ ನನಗೆ ಗೊತ್ತು. ನಮ್ಮ ಎಲ್ಲರ ಮೊಬೈಲಿಗೂ ಆ ವಿಡಿಯೋಗಳು ಬರುತ್ತಿವೆ. ಬಿಪಿಗೆ ನೀಲಿ ಬಲ್ಬು, ಸಕ್ಕರೆ ಕಾಯಿಲೆಗೆ ಹಳದಿ ಬಾಟಲಿಯಲ್ಲಿ ಬಿಸಿಲಿಗಿಟ್ಟ ನೀರು, ರಕ್ತಹೀನತೆಗೆ ಕೆಂಪು ಬಟ್ಟೆ. ಇದೆಲ್ಲ ಸುಳ್ಳು ಅಂತ ಒಂದೇ ಏಟಿಗೆ ಹೇಳಿ ಮನೆಗೆ ಹೋಗಬಹುದಿತ್ತು. ಆದರೆ ಹಾಗೆ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಯಾಕೆಂದರೆ ನೀಲಿ ಬೆಳಕನ್ನು ಔಷಧಿಯಾಗಿ ಕೊಟ್ಟವಳೇ ನಾನು. ಎಷ್ಟೋ ಮಕ್ಕಳಿಗೆ ಕೊಟ್ಟಿದ್ದೇನೆ. ಅದು ಕೆಲಸ ಮಾಡುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಅರ್ಥವಾದರೆ, ಉಳಿದದ್ದರಲ್ಲಿ ಯಾವುದು ಯಾಕೆ ಕೆಲಸ ಮಾಡೋದಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಹಸುಗೂಸಿನ ಕಾಮಾಲೆಯಿಂದಲೇ ಶುರು ಮಾಡೋಣ. ನಮ್ಮ ಗಡಿ ಕಡೆ ತೆಲುಗು ಮನೆಗಳಲ್ಲಿ ಕಾಮೆರ್ಲು ಅಂತಾರೆ. ದಿನ ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಮೊದಲ ವಾರದಲ್ಲಿ ಮೈ ಹಳದಿಯಾಗುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಸುಮಾರು 80. ಎರಡನೇ ಮೂರನೇ ದಿನ ಕಾಣಿಸಿಕೊಂಡು, ನಾಲ್ಕೈದು ದಿನಕ್ಕೆ ಏರಿ, ಆಮೇಲೆ ತಾನಾಗಿ ಇಳಿಯೋದೇ ಜಾಸ್ತಿ. ಮಗುವಿನ ರಕ್ತದ ಹಳೇ ಕೆಂಪು ಕಣಗಳು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹೊರಗೆ ಹಾಕಬೇಕಾದ ಲಿವರ್ ಇನ್ನೂ ಎಳೆಯದು. ಅದಕ್ಕೆ ಚರ್ಮದಲ್ಲಿ ನಿಂತುಬಿಡುತ್ತದೆ.

ಚರ್ಮದಲ್ಲಿ ನಿಂತರೆ ಚಿಂತೆಯಿಲ್ಲ. ಅತಿಯಾಗಿ ಏರಿದರೆ ಮಿದುಳಿಗೆ ಹೋಗುತ್ತದೆ. ಹಾಗಾದರೆ ಕಿವಿ ಕೇಳದೆ ಹೋಗಬಹುದು, ಕೈಕಾಲು ಸ್ವಾಧೀನವಿಲ್ಲದೆ ಬೆಳೆಯಬಹುದು, ಜೀವವೇ ಹೋಗಬಹುದು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಹಾಲು ಕುಡಿಯದೆ ಮಂಕಾಗಿ ಮಲಗಿದರೆ, ಬಾಣಂತಿಗೆ ಅರಿಶಿನದ ಪಥ್ಯ ಮಾಡಿಸ್ತಾ ಮನೆಯಲ್ಲಿ ಕೂರಬೇಡಿ. ಕೂಸಿನ ಮೂಗಿಗೆ ಸೊಪ್ಪಿನ ರಸ ಹಿಂಡಲೇಬೇಡಿ. ಅವತ್ತೇ ಆಸ್ಪತ್ರೆಗೆ ಬನ್ನಿ.

ಬಂದರೆ ಏನು ಮಾಡುತ್ತೇವೆ? ರಕ್ತ ನೋಡಿ, ಬೇಕಿದ್ದರೆ ಲೈಟಿನ ಕೆಳಗೆ ಇಡುತ್ತೇವೆ. ಒಬ್ಬರು ಅಜ್ಜಿ ನನ್ನನ್ನು ತಡೆದು ಕೇಳಿದ್ದರು: “ಏನಮ್ಮ ಸಿಸ್ಟರು, ಮೂರು ದಿನದ ಕೂಸನ್ನ ಬೆತ್ತಲೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಮೇಲೆ ಟ್ಯೂಬ್‌ಲೈಟ್ ಹಾಕಿದ್ದೀರಲ್ಲ, ಇದು ಯಾವ ಸೀಮೆ ಔಷಧಿ? ಇಂಜೆಕ್ಷನ್ ಇಲ್ವಾ?” ಒಳ್ಳೇ ಪ್ರಶ್ನೆ. ಬೆತ್ತಲೆ ಯಾಕೆ ಅಂದರೆ ಬೆಳಕು ಚರ್ಮಕ್ಕೇ ಬೀಳಬೇಕು, ಬಟ್ಟೆಗೆ ಬಿದ್ದರೆ ದಂಡ. ಕಣ್ಣು ಮುಚ್ಚೋದು ಎಳೇ ಕಣ್ಣು ಕೆಡದಿರಲಿ ಅಂತ. ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಕುಡಿಸಲೇಬೇಕು. ಮೂತ್ರ, ಮಲದ ಜೊತೆ ಬಿಲಿರುಬಿನ್ ಹೊರಗೆ ಹೋಗೋದೇ ಹಾಲಿನಿಂದ. ಲೈಟಿಗೆ ಇಟ್ಟ ಮಗು ಹಸಿರಾಗಿ ತೆಳ್ಳಗೆ ಕಕ್ಕಸ್ಸು ಮಾಡುತ್ತದೆ. ಹಳದಿ ಹೋಗುತ್ತಿರೋದೇ ಅದು. ಹೆದರಿಕೊಂಡು ಹಾಲು ನಿಲ್ಲಿಸಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಬೆಳಕು ನೀಲಿ ಯಾಕೆ? ನೀಲಿ ತಂಪು, ಕಾಮಾಲೆ ಉಷ್ಣ, ಅದಕ್ಕೆ ಅಂತ ವಿಡಿಯೋದಲ್ಲಿ ಹೇಳ್ತಾರೆ. ಅದಲ್ಲ. ಹಳದಿ ವಸ್ತು ಹಳದಿ ಕಾಣೋದೇ ಅದು ನೀಲಿ ಬೆಳಕನ್ನು ಹೀರಿಕೊಳ್ಳೋದರಿಂದ. ಬೆಳಕಿನ ಒಂದೊಂದು ಬಣ್ಣಕ್ಕೂ ಒಂದೊಂದು ಅಲೆಯುದ್ದ, ಅದನ್ನು ಅಳೆಯೋದು ನ್ಯಾನೋಮೀಟರಿನಲ್ಲಿ. ಬಿಲಿರುಬಿನ್ ಹೆಚ್ಚಾಗಿ ಹೀರೋದು ಸುಮಾರು 460ರಿಂದ 490 ನ್ಯಾನೋಮೀಟರ್ ಅಲೆಯುದ್ದದ ನೀಲಿಯನ್ನು. ಹೀರಿಕೊಂಡ ಕೂಡಲೇ ಅದರ ಕಣದ ಆಕಾರ ಬದಲಾಗುತ್ತದೆ. ನೀರಿನಲ್ಲಿ ಕರಗದ ವಸ್ತು ಕರಗುವಂತಾಗುತ್ತದೆ. ಲಿವರಿನ ದೊಡ್ಡ ಕೆಲಸ ಕಾಯದೆ ಪಿತ್ತದಲ್ಲಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ಅಂದರೆ ಇಲ್ಲಿ ಗುರಿ ಇದೆ, ಆ ಗುರಿಗೆ ತಕ್ಕ ಬಣ್ಣ ಇದೆ, ಜೊತೆಗೆ ಅಳತೆಯೂ ಇದೆ. ಜೋರಾಗಿ ಕೊಡಬೇಕಾದಾಗ ಚರ್ಮದ ಮೇಲೆ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವ್ಯಾಟ್ ಬೀಳಬೇಕು ಅಂತ ನಿಯಮ. ಅದಕ್ಕೇ ಒಂದು ಮೀಟರ್ ಇರುತ್ತದೆ. ಹಳೇ ಟ್ಯೂಬು ಕಣ್ಣಿಗೆ ಮೊದಲಿನಷ್ಟೇ ನೀಲಿ ಕಾಣುತ್ತದೆ, ಮೀಟರ್ ಹಿಡಿದರೆ ಬಂಡವಾಳ ಬಯಲಾಗುತ್ತದೆ. ಮನೆಯಲ್ಲಿ ನೀಲಿ ಜೀರೋ ಕ್ಯಾಂಡಲ್ ಬಲ್ಬು ಹಾಕಿ ಕೂಸನ್ನು ಮಲಗಿಸಿದರೆ ಏನೂ ಆಗೋದಿಲ್ಲ ಅಂತ ಹೇಳೋದು ಇದಕ್ಕೇ.

ಈ ಚಿಕಿತ್ಸೆ ಹುಟ್ಟಿದ ಕಥೆ ಹೇಳದೆ ಮುಂದೆ ಹೋಗಲಾರೆ. ಸ್ವಲ್ಪ ಜಂಬ ಅಂತಲೇ ಇಟ್ಟುಕೊಳ್ಳಿ, ಯಾಕೆಂದರೆ ಇದನ್ನು ಕಂಡವರು ಒಬ್ಬ ನರ್ಸ್. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ರಾಚ್‌ಫರ್ಡ್ ಅನ್ನೋ ಆಸ್ಪತ್ರೆ. 1950ರ ದಶಕ. ಸಿಸ್ಟರ್ ಜೀನ್ ವಾರ್ಡ್ ಅನ್ನುವವರು ದಿನ ತುಂಬದ ಮಕ್ಕಳ ವಾರ್ಡ್ ನೋಡಿಕೊಳ್ಳುತ್ತಿದ್ದರು. ಬಿಸಿಲು ಬಂದ ದಿನ ಆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯೋದು ಅವರ ಅಭ್ಯಾಸ. ಒಂದು ದಿನ ಡಾಕ್ಟರುಗಳು ರೌಂಡ್ಸ್‌ಗೆ ಬಂದಾಗ ಒಂದು ಮಗುವಿನ ಮೈ ತೋರಿಸಿದರು. ಮೈಯೆಲ್ಲ ತಿಳಿಯಾಗಿದೆ, ಒಂದು ಕಡೆ ಮಾತ್ರ ತ್ರಿಕೋನದ ಹಾಗೆ ಗಾಢ ಹಳದಿ. ಔಷಧಿ ಏನಾದರೂ ಬಳಿದಿದ್ದೀರಾ ಅಂತ ಡಾಕ್ಟರ್ ಕೇಳಿದರಂತೆ. ಬಳಿದದ್ದಲ್ಲ, ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಬಿಸಿಲು ಬಿದ್ದ ಕಡೆಯೆಲ್ಲ ಹಳದಿ ಇಳಿದಿತ್ತು, ಬೀಳದ ಕಡೆ ಉಳಿದಿತ್ತು. ಆಮೇಲೆ ಕಿಟಕಿಯ ಹತ್ತಿರ ಬಿಸಿಲಲ್ಲಿ ಉಳಿದುಹೋದ ರಕ್ತದ ಮಾದರಿಯಲ್ಲೂ ಬಿಲಿರುಬಿನ್ ಇಳಿದಿದ್ದು ಕಂಡಿತು. ಆ ಆಸ್ಪತ್ರೆಯ ಡಾಕ್ಟರ್ ರಿಚರ್ಡ್ ಕ್ರೀಮರ್ ಮತ್ತು ಅವರ ಜೊತೆಗಾರರು ನೀಲಿ ಟ್ಯೂಬುಗಳನ್ನು ಜೋಡಿಸಿ ಪರೀಕ್ಷೆ ಮಾಡಿ 1958ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅಮೆರಿಕದಲ್ಲಿ ಇದನ್ನು ನಂಬಿ ಎಲ್ಲ ಕಡೆ ಬಳಸೋಕೆ ಇನ್ನೂ ಹತ್ತು ವರ್ಷ ಹಿಡಿಯಿತು. ಕೂಸಿನ ಮೈಮೇಲೆ ಕಂಡ ಒಂದು ಕಲೆಯಿಂದ ಎಷ್ಟು ಮಕ್ಕಳ ಮಿದುಳು ಉಳಿಯಿತು ನೋಡಿ.

ಹಾಗಾದರೆ ನಮ್ಮ ಅಜ್ಜಿಯರು ಎಣ್ಣೆ ಹಚ್ಚಿ ಎಳೆ ಬಿಸಿಲಲ್ಲಿ ಕೂಸನ್ನು ಮಲಗಿಸ್ತಿದ್ದದ್ದು ಸರಿ ತಾನೇ ಅಂತ ಕೇಳ್ತೀರಿ. ಸ್ವಲ್ಪ ಹೊತ್ತು ಆದರೆ ತಪ್ಪೇನಿಲ್ಲ. ಆದರೆ ಏರಿದ ಕಾಮಾಲೆಗೆ ಅದು ಚಿಕಿತ್ಸೆಯಲ್ಲ. ಎಷ್ಟು ಬೆಳಕು ಬಿತ್ತು ಅಂತ ಅಳೆಯೋಕಾಗಲ್ಲ, ಮೋಡ ಬಂದರೆ ಇಲ್ಲ, ರಾತ್ರಿ ಇಲ್ಲ. ಕೂಸಿನ ಮೈ ಬಿಸಿಯೇರುತ್ತದೆ, ಎಳೇ ಚರ್ಮ ಸುಡುತ್ತದೆ. ನೈಜೀರಿಯಾದಲ್ಲಿ ಒಂದು ಒಳ್ಳೇ ಪ್ರಯೋಗ ಮಾಡಿದ್ದಾರೆ. ಕರೆಂಟಿನ ನಂಬಿಕೆಯಿಲ್ಲದ ಕಡೆ, ಕೆಟ್ಟ ಕಿರಣಗಳನ್ನು ತಡೆಯುವ ವಿಶೇಷ ಹಾಳೆಯ ಚಪ್ಪರ ಹಾಕಿ, ಅದರ ಕೆಳಗೆ ಬಿಸಿಲಲ್ಲೇ ಮಕ್ಕಳನ್ನು ಇಟ್ಟು, ಪದೇ ಪದೇ ಮೈ ಬಿಸಿ ನೋಡುತ್ತಾ ಚಿಕಿತ್ಸೆ ಕೊಟ್ಟರು. ಫಲ ಚೆನ್ನಾಗಿತ್ತು ಅಂತ 2015ರಲ್ಲಿ ಪ್ರಕಟವಾಯಿತು. ಗಮನಿಸಿ, ಬಿಸಿಲೇ ಆದರೂ ಸೋಸಿದ ಬಿಸಿಲು, ಪಕ್ಕದಲ್ಲಿ ಕಾವಲು.

ಬೆಳಕಿಗೆ ನೊಬೆಲ್ ಬಹುಮಾನವೂ ಬಂದಿದೆ. 1903ರಲ್ಲಿ, ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ. ಮುಖವನ್ನು ತಿನ್ನುತ್ತಾ ಹೋಗುವ ಚರ್ಮದ ಕ್ಷಯವನ್ನು ಒಟ್ಟುಗೂಡಿಸಿದ ಬೆಳಕಿನಿಂದ ಗುಣಪಡಿಸಿದ್ದಕ್ಕೆ. ಇದೇ ಮನುಷ್ಯ ಸಿಡುಬು ಬಂದವರನ್ನು ಕೆಂಪು ಬೆಳಕಿನ ಕೋಣೆಯಲ್ಲಿ ಇಟ್ಟರೆ ಕಲೆ ಉಳಿಯೋದಿಲ್ಲ ಅಂತಲೂ ಹೇಳಿದ್ದರು. ಅದು ನಿಲ್ಲಲಿಲ್ಲ. ಸಿಡುಬನ್ನು ಓಡಿಸಿದ್ದು ಲಸಿಕೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದ ತೊಲಗಿತು ಅಂತ ಘೋಷಿಸಿತು. ನೊಬೆಲ್ ಬಂದವರು ಹೇಳಿದ್ದಾರೆ ಅಂತ ಎಲ್ಲವೂ ನಿಜವಾಗೋದಿಲ್ಲ, ಅಲ್ವಾ? ಪರೀಕ್ಷೆಗೆ ಒಡ್ಡಿದಾಗ ಒಂದು ಉಳಿಯಿತು, ಒಂದು ಬಿತ್ತು.

ಚರ್ಮದ ವಿಷಯ ಬಂತು, ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ಸೋರಿಯಾಸಿಸ್‌ಗೆ, ತೊನ್ನಿಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ 311 ನ್ಯಾನೋಮೀಟರ್ ಸುತ್ತಮುತ್ತಲಿನ ನೇರಳಾತೀತ ಬೆಳಕು ಕೊಡುತ್ತಾರೆ. ಸೆಕೆಂಡು ಲೆಕ್ಕದಲ್ಲಿ ಶುರುಮಾಡಿ ಏರಿಸುತ್ತಾರೆ. ಆಯುರ್ವೇದದಲ್ಲಿ ತೊನ್ನಿಗೆ ಬಾಕುಚಿ ಬೀಜ ಹಚ್ಚಿ ಬಿಸಿಲು ಕಾಯಿಸೋ ಪದ್ಧತಿ ಹಳೇದು. ಅದರಲ್ಲಿ ಸೋರಲೆನ್ ಅನ್ನೋ ವಸ್ತು ನಿಜವಾಗಲೂ ಇದೆ, ಬೆಳಕು ಚರ್ಮಕ್ಕೆ ಜಾಸ್ತಿ ತಾಗುವ ಹಾಗೆ ಮಾಡುತ್ತದೆ. ಹಾಗಾಗಿಯೇ ಅದು ಅಪಾಯ ಕೂಡ. ಅಂಗಡಿಯಿಂದ ತಂದು ತಾವೇ ಹಚ್ಚಿಕೊಂಡು ಬಿಸಿಲಲ್ಲಿ ಕೂತು ಬೊಬ್ಬೆ ಎಬ್ಬಿಸಿಕೊಂಡು ಬರುವವರಿದ್ದಾರೆ. ತಿಳಿದವರ ಕಣ್ಣೆದುರು ಮಾಡಬೇಕಾದ್ದು ಅದು.

ಇನ್ನು ಮನಸ್ಸು ಮತ್ತು ನಿದ್ದೆ. ನಮ್ಮೂರಿಗೆ ಇದು ತುಂಬ ಹತ್ತಿರದ ವಿಷಯ.

ನಮ್ಮ ಜಿಲ್ಲೆಗೂ ಕರೆಂಟು ಬೆಳಕಿಗೂ ಹಳೇ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದದ್ದು ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಂದರೆ ರಾತ್ರಿಯನ್ನು ಹಗಲು ಮಾಡಿಕೊಂಡು ಪಾಳಿಯಲ್ಲಿ ದುಡಿಯೋದನ್ನು ನಮ್ಮ ಜನ ನೂರು ವರ್ಷದ ಹಿಂದೆಯೇ ಕಲಿತರು. ಈಗ ಗಣಿ ಇಲ್ಲ, 2001ರಲ್ಲಿ ಮುಚ್ಚಿತು. ಪಾಳಿ ಹೋಗಲಿಲ್ಲ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳೇ ರಾತ್ರಿ ಪಾಳಿ ಮಾಡ್ತಾರೆ. ಟೊಮೆಟೊ ಕಾಲದಲ್ಲಿ ಎಪಿಎಂಸಿ ಯಾರ್ಡಿನ ಹಮಾಲರಿಗೆ ರಾತ್ರಿ ಯಾವುದು ಬೆಳಗು ಯಾವುದು ಗೊತ್ತಾಗಲ್ಲ. ಬಂಗಾರಪೇಟೆಯಲ್ಲಿ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಇಳಿಯುವವರು ಇಲ್ಲೇ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ನೋಡಿದಿರಾ?

ಇವರಿಗೆ ಆಗ್ತಿರೋ ತೊಂದರೆ ಏನು ಅಂದರೆ, ಕಣ್ಣಿಗೆ ಹಗಲು ಬೀಳುತ್ತಿಲ್ಲ. ನಮ್ಮ ಕಣ್ಣಿನಲ್ಲಿ ನೋಡೋಕೆ ಬಳಕೆಯಾಗುವ ಜೀವಕೋಶಗಳ ಜೊತೆಗೆ ಇನ್ನೊಂದು ಬಗೆಯ ಜೀವಕೋಶ ಇದೆ. 2002ರ ಹೊತ್ತಿಗೆ ಅದರ ಗುಟ್ಟು ತಿಳಿಯಿತು. ಅದು ಚಿತ್ರ ನೋಡೋದಿಲ್ಲ. ಹೊರಗೆ ಎಷ್ಟು ಬೆಳಕಿದೆ ಅಂತ ಮಾತ್ರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ ಅದು ತುಂಬ ಚುರುಕು. ಆ ಸುದ್ದಿ ನೋಡಿಕೊಂಡು ಮೈಯ ಗಡಿಯಾರ ಹೊಂದಿಕೊಳ್ಳುತ್ತದೆ. ರಾತ್ರಿ ನಿದ್ದೆಗೆ ಬೇಕಾದ ಮೆಲಟೋನಿನ್ ಅದರ ಮಾತು ಕೇಳಿಯೇ ಏರಿಳಿಯೋದು.

ಬೆಳಕು ಎಷ್ಟು ಬೀಳುತ್ತದೆ ಅಂತ ಅಳೆಯೋದು ಲಕ್ಸ್ ಲೆಕ್ಕದಲ್ಲಿ. ಮನೆಯ ಟ್ಯೂಬ್‌ಲೈಟಿನಲ್ಲಿ ನಮ್ಮ ಕಣ್ಣಿಗೆ ಸಿಗೋದು ನೂರಿನ್ನೂರು ಲಕ್ಸ್. ಒಳ್ಳೇ ಆಫೀಸಿನಲ್ಲಿ 500. ಹೊರಗೆ ಬಿಸಿಲಲ್ಲಿ ನಿಂತರೆ 1,00,000ದವರೆಗೆ. ಬಿಸಿಲೇ ಬೇಡ, ಹಗಲಲ್ಲಿ ಮರದ ನೆರಳಿಗೆ ಬಂದು ಆಕಾಶ ಕಾಣುವ ಹಾಗೆ ಕೂತರೂ ಒಳಗಿನದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಒಳಗಿನ ಬೆಳಕು ಸಾಕಷ್ಟಿದೆ ಅಂತ ನಮಗೆ ಅನಿಸುತ್ತದೆ, ಯಾಕೆಂದರೆ ಕಣ್ಣು ಹೊಂದಿಕೊಂಡುಬಿಡುತ್ತದೆ. ಗಡಿಯಾರಕ್ಕೆ ಮಾತ್ರ ಅದು ಸಾಲದು.

ಚಳಿದೇಶಗಳಲ್ಲಿ ಹಗಲು ಕುಗ್ಗಿದಾಗ ಮನಸ್ಸೂ ಕುಗ್ಗುವ ಖಿನ್ನತೆ ಇದೆ. 1984ರಲ್ಲಿ ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಅವರ ತಂಡ ಅದನ್ನು ವಿವರಿಸಿ, ಬೆಳಕಿನಿಂದ ಇಳಿಯುತ್ತದೆ ಅಂತ ತೋರಿಸಿತು. ಈಗ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ಪೆಟ್ಟಿಗೆಯ ಮುಂದೆ ಕೂರಿಸುತ್ತಾರೆ. ಆ ಪೆಟ್ಟಿಗೆ ನಮಗೂ ಆನ್‌ಲೈನ್‌ನಲ್ಲಿ ಮಾರೋಕೆ ಬಂದಿದೆ. ನನ್ನ ಕೇಳಿದರೆ, ಕೋಲಾರದಲ್ಲಿ ಅದಕ್ಕೆ ದುಡ್ಡು ಹಾಕೋದು ವ್ಯರ್ಥ. ನಾರ್ವೆಯ ಆಸ್ಲೋದಲ್ಲಿ ಡಿಸೆಂಬರ್ ಹಗಲು ಆರು ಗಂಟೆ, ಜೂನ್ ಹಗಲು ಹತ್ತೊಂಬತ್ತು ಗಂಟೆಯ ಹತ್ತಿರ. ನಮ್ಮಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಬಾಗಿಲು ತೆಗೆದು ಹೊರಗೆ ಬಂದರೆ ಪೆಟ್ಟಿಗೆಗಿಂತ ಜಾಸ್ತಿ ಬೆಳಕು, ಪುಕ್ಕಟೆ. ಬೆಳಗ್ಗೆ ಅಂತರಗಂಗೆ ಕಡೆ ನಡೆದು ಬರುವವರು ಇದನ್ನೇ ಮಾಡ್ತಿದ್ದಾರೆ, ಹೆಸರು ಗೊತ್ತಿಲ್ಲ ಅಷ್ಟೇ.

ಕಾಲಕ್ಕೆ ಸಂಬಂಧವಿಲ್ಲದ ಖಿನ್ನತೆಗೂ ಬೆಳಕು ನೆರವಾಗುತ್ತದೆ. ಕೆನಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆಯ ಜೊತೆ ಬೆಳಗಿನ ಬೆಳಕನ್ನೂ ಕೊಟ್ಟವರು ಚೆನ್ನಾಗಿ ಚೇತರಿಸಿಕೊಂಡರು. ಜೊತೆಗೆ ಅಂದೆ, ಕೇಳಿಸಿತಲ್ವಾ? ಮಾತ್ರೆ ಬಿಟ್ಟು ವಾಕಿಂಗ್ ಶುರುಮಾಡಿ ಅಂತ ನಾನು ಹೇಳಿದೆ ಅಂತ ಯಾರೂ ಹೋಗಿ ಹೇಳಬೇಡಿ. ಒಮ್ಮೆ ಉಬ್ಬರ, ಒಮ್ಮೆ ಕುಸಿತ ಅನ್ನೋ ಬೈಪೋಲಾರ್ ಕಾಯಿಲೆ ಇದ್ದವರಿಗೆ ಜೋರು ಬೆಳಕು ಉಬ್ಬರ ಎಬ್ಬಿಸಬಹುದು. ಅವರು ಡಾಕ್ಟರನ್ನು ಕೇಳದೆ ಪೆಟ್ಟಿಗೆ ಚಿಕಿತ್ಸೆಗೆ ಕೈ ಹಾಕಬಾರದು.

ರಾತ್ರಿ ಪಾಳಿಯವರಿಗೆ ನಾನು ವಾರ್ಡಿನಲ್ಲಿ ಮಾಡ್ತಿದ್ದದ್ದನ್ನೇ ಹೇಳ್ತೇನೆ. ಪಾಳಿಯ ಮೊದಲ ಅರ್ಧ ಚೆನ್ನಾಗಿ ಬೆಳಕಿರುವ ಕಡೆ ಕೆಲಸ ಮಾಡಿ. ಬೆಳಗ್ಗೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಳ್ಳಿ. ಸ್ಕೂಟರ್ ಓಡಿಸುವಾಗ ಮಾತ್ರ ಬೇಡ, ನಿದ್ದೆಗಣ್ಣಿಗೆ ಅದು ಇನ್ನೂ ಕಷ್ಟ. ಮಲಗೋ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಅತ್ತೆಯವರು ಹಗಲು ಮಲಗಿದರೆ ಲಕ್ಷ್ಮಿ ಬರಲ್ಲ ಅಂತಾರೆ. ಸಂಬಳದ ದಿನ ಆ ಮಾತು ನೆನಪಿಸಿ.

ಎಳೆ ಬಿಸಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೆಳಗ್ಗೆ ಏಳು ಗಂಟೆಯ ಬಿಸಿಲಲ್ಲಿ ಕೂತರೆ ವಿಟಮಿನ್ ಡಿ ಸಿಗುತ್ತದೆ ಅಂತ. ಗಡಿಯಾರಕ್ಕೆ ಆ ಬಿಸಿಲು ಒಳ್ಳೇದು, ವಿಟಮಿನ್ ಡಿಗೆ ಉಪಯೋಗವಿಲ್ಲ. ವಿಟಮಿನ್ ಡಿ ಹುಟ್ಟಿಸೋದು 290ರಿಂದ 315 ನ್ಯಾನೋಮೀಟರಿನ ನೇರಳಾತೀತ ಕಿರಣ. ಸೂರ್ಯ ಕೆಳಗಿದ್ದಾಗ ಅದು ನಮ್ಮ ತನಕ ಬರೋದೇ ಇಲ್ಲ ಅನ್ನಬಹುದು. ಸುಲಭದ ಪರೀಕ್ಷೆ ಹೇಳ್ತೇನೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗ ವಿಟಮಿನ್ ಡಿ ಚೆನ್ನಾಗಿ ಹುಟ್ಟುತ್ತದೆ. ನೆರಳು ಉದ್ದ ಇದ್ದರೆ ಇಲ್ಲ. ಕೈಕಾಲಿಗೆ ಬಿಸಿಲು ಬೀಳೋ ಹಾಗೆ ಸ್ವಲ್ಪ ಹೊತ್ತು, ಚರ್ಮ ಚುರುಗುಟ್ಟುವ ಮೊದಲೇ ಒಳಗೆ ಬನ್ನಿ. ಕಪ್ಪು ಚರ್ಮಕ್ಕೆ ಜಾಸ್ತಿ ಹೊತ್ತು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಇಷ್ಟು ಬಿಸಿಲಿರುವ ನಾಡಿನಲ್ಲಿ ಇಷ್ಟು ಜನಕ್ಕೆ ವಿಟಮಿನ್ ಡಿ ಕಡಿಮೆ ಯಾಕೆ ಅಂದರೆ, ನೆರಳು ಗಿಡ್ಡ ಇರೋ ಹೊತ್ತಿನಲ್ಲಿ ನಾವ್ಯಾರೂ ಹೊರಗಿರೋದಿಲ್ಲ. ಇದ್ದರೂ ಮೈತುಂಬ ಬಟ್ಟೆ. ಮಾವಿನ ತೋಟದಲ್ಲಿ ದುಡಿಯುವವರ ಮಾತು ಬೇರೆ.

ಸರಿ, ಬಣ್ಣಕ್ಕೆ ಬರ್ತೇನೆ.

ಬಣ್ಣದ ಚಿಕಿತ್ಸೆ ನಮ್ಮ ಋಷಿಗಳದ್ದು ಅಂತ ವಿಡಿಯೋದವರು ಹೇಳ್ತಾರೆ. ಈಗ ಮಾರಾಟವಾಗ್ತಿರೋ ರೂಪ ಹೆಚ್ಚಿನ ಪಾಲು 19ನೇ ಶತಮಾನದ ಅಮೆರಿಕದ್ದು. 1876ರಲ್ಲಿ ಆಗಸ್ಟಸ್ ಪ್ಲೆಸೆಂಟನ್ ಅನ್ನುವವರು ನೀಲಿ ಗಾಜಿನ ಕೆಳಗೆ ದ್ರಾಕ್ಷಿ, ಹಂದಿ, ಮನುಷ್ಯರೆಲ್ಲ ಚೆನ್ನಾಗಿ ಬೆಳೀತಾರೆ ಅಂತ ಪುಸ್ತಕ ಬರೆದರು, ಅದನ್ನು ನೀಲಿ ಕಾಗದದಲ್ಲೇ ಅಚ್ಚು ಹಾಕಿಸಿದರು. ಜನ ಮುಗಿಬಿದ್ದು ನೀಲಿ ಗಾಜು ಕೊಂಡರು. ಎರಡು ವರ್ಷಕ್ಕೆ ಬಣ್ಣ, ಬೆಳಕಿನ ಬಗ್ಗೆ ಎಡ್ವಿನ್ ಬ್ಯಾಬಿಟ್ ಅನ್ನುವವರ ದೊಡ್ಡ ಗ್ರಂಥ ಬಂತು. ಆಮೇಲೆ ನಮ್ಮವರೇ ಒಬ್ಬರು, ಮುಂಬೈಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ದಿನ್‌ಶಾ ಘಡಿಯಾಲಿ, 1920ರ ದಶಕದಲ್ಲಿ ಸ್ಪೆಕ್ಟ್ರೋ-ಕ್ರೋಮ್ ಅನ್ನೋ ಯಂತ್ರ ಮಾರಿದರು. ಒಳಗೆ ಇದ್ದದ್ದು ಒಂದು ದೊಡ್ಡ ಬಲ್ಬು ಮತ್ತು ಬಣ್ಣದ ಗಾಜುಗಳು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟು, ಸಕ್ಕರೆ ಪಿಷ್ಟ ಧಾರಾಳ ತಿಂದು, ಹಳದಿ ಬೆಳಕಿನಲ್ಲಿ ಕೂರಬೇಕು ಅಂತ ಅವರ ಉಪದೇಶ. ಅಮೆರಿಕದ ಸರ್ಕಾರ ಮೊಕದ್ದಮೆ ಹೂಡಿತು. 1947ರಲ್ಲಿ ಶಿಕ್ಷೆಯಾಯಿತು.

ಹಳದಿ ಬಾಟಲಿ ನೀರಿನ ವಿಡಿಯೋ ನೋಡಿದಾಗ ನನಗೆ ಇದೇ ಕಣ್ಣಮುಂದೆ ಬಂತು. ಬಿಲಿರುಬಿನ್‌ಗೆ ನೀಲಿ ಹೊಂದುತ್ತದೆ ಅಂತ ಹೇಳುವಾಗ ಯಾವ ವಸ್ತು, ಎಲ್ಲಿ, ಎಷ್ಟು ಹೀರುತ್ತದೆ ಅಂತ ತೋರಿಸಬಹುದು. ಹಳದಿ ಬೆಳಕು ಹೊಟ್ಟೆಯ ಮೇಲೆ ಬಿದ್ದರೆ ಒಳಗಿರುವ ಪ್ಯಾಂಕ್ರಿಯಾಸ್ ಗ್ರಂಥಿ ಏನನ್ನು ಹೀರಿ ಇನ್ಸುಲಿನ್ ಬಿಡುತ್ತದೆ? ಯಾರೂ ತೋರಿಸಿಲ್ಲ. ಮೈಯೊಳಗಿನ ಒಂದೊಂದು ಚಕ್ರಕ್ಕೂ ಒಂದೊಂದು ಬಣ್ಣ ಅಂತ ಪಟ್ಟಿ ಮಾಡಿ ಗೋಡೆಗೆ ಹಾಕೋದು ಸುಲಭ.

ಬಿಸಿಲಿಗಿಟ್ಟ ನೀರಿನಲ್ಲಿ ಒಂದು ನಿಜ ಇದೆ, ಅದನ್ನು ಹೇಳಲೇಬೇಕು. ಬಣ್ಣವಿಲ್ಲದ, ಗೀರು ಬೀಳದ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿನೀರು ತುಂಬಿ ಒಳ್ಳೇ ಬಿಸಿಲಲ್ಲಿ ಆರು ಗಂಟೆ ಮಲಗಿಸಿಟ್ಟರೆ ಭೇದಿ ತರುವ ಕ್ರಿಮಿಗಳು ಸಾಯುತ್ತವೆ. ಮೋಡವಿದ್ದರೆ ಎರಡು ದಿನ ಇಡಬೇಕು. ಬಡ ದೇಶಗಳಲ್ಲಿ ಇದನ್ನು ಕಲಿಸುತ್ತಾರೆ. ತಮಾಷೆ ನೋಡಿ, ಹಸಿರು ಅಥವಾ ಕಂದು ಬಾಟಲಿಯಾದರೆ ಬೇಕಾದ ಕಿರಣವನ್ನೇ ಅದು ತಡೆಯುತ್ತದೆ. ಬಣ್ಣ ಹಾಕಿದರೆ ಇರೋ ಗುಣವೂ ಹೋಯಿತು. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಕೊಳವೆಬಾವಿಯ ನೀರಿನ ಫ್ಲೋರೈಡ್ ಬಿಸಿಲಿಗೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಕುದಿಸಿ ನೀರು ಇಂಗಿದರೆ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿಗೆ, ಬರಬರುತ್ತಾ ಮೂಳೆಗೆ ತೊಂದರೆ. ಅದಕ್ಕೆ ಶುದ್ಧ ನೀರಿನ ಘಟಕವೇ ಗತಿ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ವಾ? ಇದೆ. ಆದರೆ ಅದು ಮನಸ್ಸಿನ, ಕಣ್ಣಿನ ದಾರಿಯಲ್ಲಿ ಕೆಲಸ ಮಾಡುತ್ತದೆ. ಸೀಮಂತದಲ್ಲಿ ಕೈತುಂಬ ಹಸಿರು ಬಳೆ ತೊಟ್ಟ ಹುಡುಗಿಯ ಮುಖ ನೋಡಿ. ಅದು ಗಾಜಿನ ಗುಣ ಅಲ್ಲ, ತವರಿನವರು ಬಂದ ಗುಣ. ಇರಲಿ, ಹಿತವಂತೂ ನಿಜ. 1972ರಲ್ಲಿ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಿಯೇ ಇಲ್ಲದ ಗುಲಾಬಿ ಮತ್ತು ನೀಲಿ ಮಾತ್ರೆ ಕೊಟ್ಟರು. ನೀಲಿ ನುಂಗಿದವರಿಗೆ ಜಾಸ್ತಿ ತೂಕಡಿಕೆ ಬಂತು. ನಮ್ಮ ನಿರೀಕ್ಷೆಯೇ ಅರ್ಧ ಕೆಲಸ ಮಾಡುತ್ತದೆ. ಆದರೆ ನಿರೀಕ್ಷೆ ಕೀವು ಒಣಗಿಸಲ್ಲ, ಸಕ್ಕರೆ ಇಳಿಸಲ್ಲ. 1970ರ ದಶಕದ ಕೊನೆಗೆ ಜೈಲಿನ ಕೋಣೆಗೆ ಗುಲಾಬಿ ಬಳಿದರೆ ಕೈದಿಗಳು ತಣ್ಣಗಾಗುತ್ತಾರೆ ಅಂತ ದೊಡ್ಡ ಸುದ್ದಿಯಾಗಿತ್ತು. 2015ರಲ್ಲಿ ಸರಿಯಾಗಿ ಹೋಲಿಸಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಬಣ್ಣವನ್ನು ನಾವು ಬುದ್ಧಿಯಿಂದ ಬಳಸ್ತೇವೆ. ಆಪರೇಷನ್ ಥಿಯೇಟರಿನಲ್ಲಿ ಹಸಿರು ಯಾಕೆ? ಕೆಂಪು ರಕ್ತವನ್ನೇ ದಿಟ್ಟಿಸಿ ನೋಡಿ ಬಿಳಿ ಬಟ್ಟೆ ನೋಡಿದರೆ ಕಣ್ಣಮುಂದೆ ಹಸಿರು ನೆರಳು ತೇಲುತ್ತದೆ. ಬಟ್ಟೆಯೇ ಹಸಿರಾದರೆ ಅದು ಕಾಣಲ್ಲ, ಕಣ್ಣಿಗೆ ಬಿಡುವು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಸರ್ಜನ್ ಶುರುಮಾಡಿದ್ದು. ನಮ್ಮ ಹಸುಗೂಸಿನ ವಾರ್ಡಿನ ಗೋಡೆಗೆ ಹಳದಿ ಬಳಿಯಬಾರದು. ಯಾಕೆ? ಹಳದಿ ಗೋಡೆ, ಹಳದಿ ಪರದೆಯ ನಡುವೆ ಎಲ್ಲ ಮಕ್ಕಳೂ ಹಳದಿಯೇ ಕಾಣುತ್ತವೆ. ನೀಲಿ ಲೈಟಿನ ಕೆಳಗಂತೂ ಕಾಮಾಲೆ ಇಳಿಯಿತೋ ಇಲ್ವೋ ಕಣ್ಣಿನಿಂದ ಹೇಳೋಕಾಗಲ್ಲ. ಉಸಿರು ಸಾಲದೆ ತುಟಿ ನೀಲಿಯಾದರೂ ಗೊತ್ತಾಗಲ್ಲ. ಲೈಟ್ ಆರಿಸಿ, ಕಿಟಕಿಯ ಹತ್ತಿರ ಹಗಲ ಬೆಳಕಿಗೆ ತಂದು, ಹಣೆಯ ಮೇಲೆ ಬೆರಳೊತ್ತಿ ತೆಗೆದು ನೋಡಬೇಕು. ಒತ್ತಿದ ಜಾಗ ಬಿಳಿಚಿಕೊಂಡಾಗ ಒಳಗಿನ ಹಳದಿ ಕಾಣುತ್ತದೆ. ಮನೆಯಲ್ಲಿ ನೀವೂ ಹೀಗೇ ನೋಡಿ. ಅನುಮಾನ ಬಂದರೆ ರಕ್ತಪರೀಕ್ಷೆ.

ಹಿರಿಯರು ಇಷ್ಟು ಜನ ಬಂದಿದ್ದೀರಿ, ನಿಮ್ಮ ಮನೆಗೆ ನಾನು ಬರೆದುಕೊಡುವ ಬಣ್ಣದ ಚಿಕಿತ್ಸೆ ಕೇಳಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ನೀಲಿ ಒಳಗೆ ಹೋಗೋದು ಕಡಿಮೆ, ನೀಲಿ ಹಸಿರು ಕಲಸಿಹೋಗುತ್ತವೆ, ಮೆಟ್ಟಿಲು ಎಲ್ಲಿ ಮುಗಿಯಿತು ಗೊತ್ತಾಗಲ್ಲ. ಪೊರೆ ಆಪರೇಷನ್ ಆದವರು, ಅಯ್ಯೋ ಪಂಚೆ ಇಷ್ಟು ಬಿಳೀನಾ ಅಂತಾರಲ್ಲ, ಅದಕ್ಕೇ. ಆದ್ದರಿಂದ ಮೆಟ್ಟಿಲಿನ ಅಂಚಿಗೆ ಒಂದು ಹಳದಿ ಪಟ್ಟಿ ಹೊಡೆಸಿ. ಬಿಳಿ ಟೈಲ್ಸಿನ ಬಚ್ಚಲಲ್ಲಿ ಬಿಳಿ ಕಮೋಡ್, ಬಿಳಿ ಹಿಡಿಕೆ ಬೇಡ, ಹಿಡಿಕೆಗೆ ಗಾಢ ಬಣ್ಣವಿರಲಿ. ಮರೆವಿನ ಕಾಯಿಲೆಯವರಿಗೆ ಗಾಢ ಕೆಂಪು ತಟ್ಟೆಯಲ್ಲಿ ಬಡಿಸಿದಾಗ ಜಾಸ್ತಿ ತಿಂದರು ಅಂತ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಸಣ್ಣ ಅಧ್ಯಯನ 2004ರಲ್ಲಿ ಬಂದಿತ್ತು. ಬಿಳಿ ತಟ್ಟೆಯಲ್ಲಿ ಮೊಸರನ್ನ ಕಾಣೋದೇ ಇಲ್ಲ ಅವರಿಗೆ. ನಮ್ಮ ಮುದ್ದೆಗೆ ಆ ತೊಂದರೆಯಿಲ್ಲ ಬಿಡಿ. ಸಂಜೆ ಹೊತ್ತು ಗಲಿಬಿಲಿ ಆಗುವ ಅಜ್ಜ ಅಜ್ಜಿಯರನ್ನು ಹಗಲು ಜಗಲಿಯ ಮೇಲೆ ಕೂರಿಸಿ, ಮುಸ್ಸಂಜೆಗೆ ಮುಂಚೆಯೇ ಮನೆಯೊಳಗೆ ದೀಪ ಹಾಕಿ.

ಹಾಸಿಗೆ ಹಿಡಿದವರ ಮಂಚವನ್ನು ಕಿಟಕಿಗೆ ತಿರುಗಿಸಿ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೇ ದಾಖಲೆಗಳನ್ನು ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿ ಕಡಿಮೆ ತೆಗೆದುಕೊಂಡಿದ್ದರು. ಒಟ್ಟು 46 ಜನರ ಲೆಕ್ಕ, ಸಣ್ಣದೇ. ಆದರೂ ಮಂಚ ತಿರುಗಿಸೋಕೆ ಖರ್ಚೇನಿದೆ?

ಚೀಟಿಗಳು ಬಂದಿವೆ, ಓದ್ತೇನೆ.

“ಬೆಳಗ್ಗೆ ಹುಟ್ಟುವ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ದೃಷ್ಟಿ ಚುರುಕಾಗುತ್ತದೆಯೇ?” ಇಲ್ಲ ಸ್ವಾಮಿ. ಕಣ್ಣಿನ ಪರದೆ ಸುಡುತ್ತದೆ. ಸುಡುವಾಗ ನೋವೂ ಆಗಲ್ಲ, ಅದೇ ಅಪಾಯ. ನಮಸ್ಕಾರ ಮಾಡುವಾಗ ಕಣ್ಣು ಮುಚ್ಚಿಕೊಳ್ಳಿ, ಸೂರ್ಯದೇವ ಬೇಜಾರು ಮಾಡಿಕೊಳ್ಳಲ್ಲ.

“ಕಂಪ್ಯೂಟರ್ ಕೆಲಸಕ್ಕೆ ಬ್ಲೂ ಲೈಟ್ ಕನ್ನಡಕ ತಗೊಳ್ಳಿ ಅಂತ ಅಂಗಡಿಯವರು ಜಾಸ್ತಿ ದುಡ್ಡು ಕೇಳ್ತಾರೆ.” ಬೇಡ. 2023ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ವರದಿ, ಕಣ್ಣಿನ ಆಯಾಸಕ್ಕೆ ಅದರಿಂದ ಬಹುಶಃ ಉಪಯೋಗವಿಲ್ಲ ಅಂತ ಹೇಳಿತು. ಆಗಾಗ ದೂರ ನೋಡಿ, ಕಣ್ಣು ಮಿಟುಕಿಸಿ. ರಾತ್ರಿ ಮಲಗುವ ಮೊದಲು ಮೊಬೈಲು ಬೇರೆ ಕೋಣೆಯಲ್ಲಿರಲಿ.

ಕಡೇ ಚೀಟಿ, ಒಬ್ಬ ತಾಯಿಯದು. “ಮಗಳಿಗೆ ಏಳು ವರ್ಷ, ಆಗಲೇ ಕನ್ನಡಕ ಬಂದಿದೆ. ತಮ್ಮನಿಗೆ ಬರದ ಹಾಗೆ ಮಾಡೋಕೆ ಯಾವ ಬಣ್ಣದ ಬೆಳಕು ಒಳ್ಳೇದು?” ಬಣ್ಣ ಬೇಡಮ್ಮ, ಹಗಲು ಸಾಕು. ದಿನಕ್ಕೆ ಎರಡು ಗಂಟೆ ಹೊರಗೆ ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ತೊಂದರೆ ಬರೋದು ಕಡಿಮೆ. ತೈವಾನಿನಲ್ಲಿ ಶಾಲೆಗಳೇ ಇದನ್ನು ಜಾರಿಗೆ ತಂದವು. ನೆರಳಲ್ಲಿ ಆಡಿದರೂ ಆಗುತ್ತದೆ, ಟೋಪಿ ಹಾಕಿಕೊಳ್ಳಲಿ. ಮಗಳಿಗೆ ಈಗಾಗಲೇ ಬಂದಿರೋದು ಆಟದಿಂದ ಹೋಗಲ್ಲ, ಅವಳು ಕನ್ನಡಕ ಹಾಕಲೇಬೇಕು. ಚೀಟಿಯ ಹಿಂಭಾಗದಲ್ಲಿ ಇನ್ನೂ ಒಂದು ಸಾಲು ಬರೆದಿದ್ದಾರೆ: “ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತಕ್ಕೆ ತಗೊಂಡುಬಿಡ್ತಾರೆ, ಏನು ಮಾಡೋದು?” ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಮುಂದಿನ ಪೋಷಕರ ಸಭೆಗೆ ನಾಲ್ಕೈದು ಜನ ತಾಯಂದಿರು ಒಟ್ಟಿಗೆ ಹೋಗಿ ಕೇಳಿ.